ಟಿ.ಸಿ. ಕೇಳುವ ಮುನ್ನ



ಐದನೆಯದು ಮುಗಿಸಿದ ಮಗುವನ್ನು ಆರನೆಯದಕ್ಕೆ ಎಲ್ಲಿ ಸೇರಿಸಬೇಕೆಂಬ ಚಿಂತೆ ಬೇಸಿಗೆಯಲ್ಲಿಯೇ ಮನೆ ಹೊಕ್ಕು ಕೂಡುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕರಪತ್ರಗಳೂ ಬರುತ್ತವೆ. ಟೈ ಕಟ್ಟಿಕೊಂಡ ಮಗು, ಅದರ ಹಿಂದೆ ಭೂಗೋಲ, ಮೇಲೆ ದಪ್ಪಕ್ಷರದಲ್ಲಿ ‘ಇಂಟರ್‌ನ್ಯಾಷನಲ್ ಸ್ಕೂಲ್’. ಹಳದಿ ಬಸ್ಸು ಮನೆ ಬಾಗಿಲಿಗೇ ಬರುತ್ತದಂತೆ! ಹತ್ತಿ ಮಾರಿದ ಹಣ ಇನ್ನೂ ಕೈಯಲ್ಲಿರುತ್ತದೆ. ಪಕ್ಕದ ಮನೆಯವರ ಮಗ ಆಗಲೇ ಬೂಟು ಹಾಕಿಕೊಂಡಿರುತ್ತಾನೆ. ನೀವು ಕನ್ನಡ ಶಾಲೆಗೆ ಹೋಗಿ ಟಿ.ಸಿ. ಕೇಳುತ್ತೀರಿ.

ಇಂಥ ಪತ್ರಿಕೆಗಳಲ್ಲಿ ಮಾತೃಭಾಷೆಯ ಮಹಿಮೆಯನ್ನು ಬೇಕಾದಷ್ಟು ಬರೆದಾಗಿದೆ. ನೀವು ಓದುತ್ತೀರಿ, ಹೌದೆಂದು ತಲೆದೂಗುತ್ತೀರಿ, ಆಮೇಲೆ ಟಿ.ಸಿ. ಕೇಳುತ್ತೀರಿ. ಆದ್ದರಿಂದ ಈ ಸಲ ಮಹಿಮೆಯ ಮಾತು ಬೇಡ, ಲೆಕ್ಕದ ಮಾತನ್ನೇ ಆಡೋಣ.

ಮೊದಲು ಆ ಫಲಕದ ಲೆಕ್ಕ. ನೆರೆಮನೆಯವರೊಬ್ಬರ ಜೊತೆ ನಾನೂ ಅಂಥ ಒಂದು ಶಾಲೆಗೆ ಹೋಗಿದ್ದೆ. ಹೆಸರು ಬೇಡ. ಯಾವ ಬೋರ್ಡಿನ ಶಾಲೆ ಎಂದು ಕೇಳಿದೆವು. “ನಮ್ಮದು ಇಂಟರ್‌ನ್ಯಾಷನಲ್ ಸಿಲಬಸ್ ಅದ ಸರ್” ಎಂದರು. ಅದು ಸರಿ, ಹತ್ತನೆಯ ಪರೀಕ್ಷೆಯನ್ನು ಯಾರು ನಡೆಸುತ್ತಾರೆ ಎಂದೆವು. ಒಲಿಂಪಿಯಾಡ್ ಇದೆ, ರೋಬೋಟಿಕ್ಸ್ ಇದೆ, ಕರಾಟೆ ಇದೆ ಎಂದರು. ಮೂರನೆಯ ಸಲ ಕೇಳಿದಾಗ ಉತ್ತರ ಬಂತು: ಹತ್ತನೆಯದು ರಾಜ್ಯದ ಎಸ್ಸೆಸ್ಸಿಯೇ! ನಮ್ಮ ಕನ್ನಡ ಶಾಲೆಯ ಮಗು ಕನ್ನಡದಲ್ಲಿ ಬರೆಯುವ ಅದೇ ಪರೀಕ್ಷೆ, ಅದೇ ಬೋರ್ಡು, ಅದೇ ಪ್ರಮಾಣಪತ್ರ. ನೆರೆಮನೆಯವರು ಮಾತಾಡದೆ ಫೀಜಿನ ಹಾಳೆಯನ್ನು ಮಡಚಿ ಜೇಬಿಗಿಟ್ಟರು. (ಅವರು ಕೊನೆಗೆ ಅಲ್ಲಿಯೇ ಸೇರಿಸಿದರು, ಆ ಮಾತು ಬೇರೆ.)

ಬೆಳ್ಳಗಿರುವುದೆಲ್ಲ ಹಾಲಲ್ಲ. ನಿಜವಾದ ಅಂತಾರಾಷ್ಟ್ರೀಯ ಶಿಕ್ಷಣ ಎಂಬುದೂ ಇದೆ. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಅಂದರೆ ಐಬಿ, ಒಂದು. ಕೇಂಬ್ರಿಜ್ ಸಂಸ್ಥೆ 1988ರಲ್ಲಿ ಪರೀಕ್ಷೆ ಆರಂಭಿಸಿದ ಐಜಿಸಿಎಸ್‌ಇ ಇನ್ನೊಂದು. ಅಂಥ ಶಾಲೆಗಳು ಹೈದರಾಬಾದಿನಲ್ಲಿವೆ. ಫೀಜು ವರ್ಷಕ್ಕೆ ಲಕ್ಷಗಳಲ್ಲಿ. ನಮ್ಮ ಕಡೆ ಬಸ್ಸು ಕಳಿಸುವವರಲ್ಲಿ ಇಂಥ ಮಾನ್ಯತೆ ಇದೆ ಎಂದು ಯಾರಾದರೂ ಹೇಳಿದರೆ ಕಾಗದ ತೋರಿಸಿ ಎನ್ನಿ. ಐಬಿ ಆಗಲಿ, ಕೇಂಬ್ರಿಜ್ ಆಗಲಿ, ಸಿಬಿಎಸ್‌ಇ ಆಗಲಿ, ಮಾನ್ಯತೆ ಪಡೆದ ಶಾಲೆಗಳ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿಯೇ ಇಟ್ಟಿವೆ. ನಿಮ್ಮ ಫೋನಿನಲ್ಲಿ ಐದು ನಿಮಿಷದ ಕೆಲಸ.

ಸೋಜಿಗದ ಸಂಗತಿ ಇನ್ನೊಂದಿದೆ. ಐಬಿ ತನ್ನ ಶಾಲೆಗಳಿಗೆ ಒಂದು ಭಾಷಾ ನೀತಿ ಇರಬೇಕೆಂದು, ಅದರಲ್ಲಿ ಮಗುವಿನ ಮಾತೃಭಾಷೆಗೆ ಆಸರೆ ಇರಬೇಕೆಂದು ಕೇಳುತ್ತದೆ. ಡಿಪ್ಲೊಮಾ ಹಂತದಲ್ಲಿ, ಶಾಲೆಯಲ್ಲಿ ಆ ಭಾಷೆಯ ಶಿಕ್ಷಕರಿಲ್ಲದಿದ್ದರೂ ಮಗು ತನ್ನ ಭಾಷೆಯ ಸಾಹಿತ್ಯವನ್ನು ಶಾಲೆಯ ನೆರವಿನಿಂದ ತಾನೇ ಓದಿ ಪರೀಕ್ಷೆಗೆ ಕೂಡುವ ದಾರಿಯನ್ನೂ ಇಟ್ಟಿದೆ. ನಮ್ಮ ಸುತ್ತಿನ ‘ಇಂಟರ್‌ನ್ಯಾಷನಲ್’ ಶಾಲೆಗಳಲ್ಲಿ ನಡೆಯುವುದೇನು? ಕನ್ನಡದಲ್ಲಿ ಮಾತಾಡಿದರೆ ದಂಡ! ನಿಜವಾದ ಅಂತಾರಾಷ್ಟ್ರೀಯ ಶಾಲೆಗೆ ನಿಮ್ಮ ಮನೆಯ ಮಾತಿನ ಬಗ್ಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ನಕಲಿಗೆ.

ಸಿಬಿಎಸ್‌ಇ ಆದರೂ ಅಷ್ಟೆ. ಆ ಮಂಡಳಿಯ ಭಾಷಾ ವಿಷಯಗಳ ಪಟ್ಟಿಯಲ್ಲಿ ಕನ್ನಡ ಇದೆ. ಆದರೆ ಶಾಲೆ ಕಲಿಸಬೇಕಲ್ಲ? ಇತ್ತ 2018ರ ಕಾಯ್ದೆಯ ಪ್ರಕಾರ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಲಿಸುವುದು ಕಡ್ಡಾಯ. ಅದಕ್ಕೆ ನಮ್ಮ ತಕರಾರಿಲ್ಲ. ಈ ನೆಲದಲ್ಲಿ ಬಾಳುವ ಮಗುವಿಗೆ ತೆಲುಗು ಬರಲೇಬೇಕು, ಕನ್ನಡ ಶಾಲೆಯಲ್ಲೂ ಅದನ್ನು ಕಲಿಸುತ್ತಾರೆ. ಆದರೆ ಲೆಕ್ಕ ನೋಡಿ: ಫಲಕದ ಶಾಲೆಗೆ ಹೋದ ಮಗುವಿಗೆ ಇಂಗ್ಲಿಷ್, ತೆಲುಗು, ಹಿಂದಿ. ಕನ್ನಡ ಓದಲು ಬರೆಯಲು ಕಲಿತದ್ದು ಐದನೆಯದಕ್ಕೇ ನಿಂತುಬಿಟ್ಟಿತು.

ಈಗ ಎರಡನೆಯ ಲೆಕ್ಕಕ್ಕೆ ಬರುತ್ತೇನೆ. ಇದೇ ಮುಖ್ಯವಾದದ್ದು, ದಯವಿಟ್ಟು ನಿಧಾನವಾಗಿ ಓದಿ.

1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಗದ್ವಾಲ, ಆಲಂಪುರ ತಾಲೂಕುಗಳನ್ನು ರಾಯಚೂರು ಜಿಲ್ಲೆಯಿಂದ, ಕೊಡಂಗಲ್ಲನ್ನು ಗುಲ್ಬರ್ಗಾದಿಂದ ತೆಗೆದು ಆಂಧ್ರಕ್ಕೆ ಸೇರಿಸಿದರು. ಮಖ್ತಲ್ ಭಾಗದ ನಾವು ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯವರು. 2019ರಿಂದ ನಾರಾಯಣಪೇಟೆ ಜಿಲ್ಲೆಯವರು. ಹೀಗೆ ಗೆರೆಯ ಈಚೆ ಉಳಿದವರಿಗಾಗಿಯೇ ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂಬ ವಿಧಿ ಅದು. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನು ಮಾತ್ರ! ಪ್ರೌಢಶಾಲೆಗೆ ಅಂಥ ವಿಧಿ ಇಲ್ಲ. ಅಲ್ಲಿರುವುದು ರಾಜ್ಯಗಳು 1961ರ ಹೊತ್ತಿಗೆ ಒಪ್ಪಿಕೊಂಡ ಒಂದು ಸೂತ್ರ: ಪ್ರೌಢ ಹಂತದ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60 ಮಕ್ಕಳು, ತರಗತಿಗೆ 15 ಮಕ್ಕಳು ಇದ್ದರೆ ಅವರ ಭಾಷೆಯಲ್ಲಿ ಕಲಿಸಬೇಕು. ಪ್ರಾಥಮಿಕದಲ್ಲಿ ಶಾಲೆಗೆ 40, ತರಗತಿಗೆ 10 ಸಾಕು.

ಅಂದರೆ ಐದನೆಯದರವರೆಗೆ ನಮ್ಮ ಬೆನ್ನಿಗೆ ಸಂವಿಧಾನವಿದೆ. ಆರನೆಯದರಿಂದ ನಮ್ಮ ಬೆನ್ನಿಗಿರುವುದು ತಲೆ ಎಣಿಕೆ ಮಾತ್ರ. ಫಲಕದ ಶಾಲೆಯ ಬಸ್ಸು ಬಂದು ನಿಲ್ಲುವುದೂ ಸರಿಯಾಗಿ ಅದೇ ಆರನೆಯದಕ್ಕೆ! ಹದಿನೆಂಟು ಮಕ್ಕಳಿರುವ ತರಗತಿಯಿಂದ ನಾಲ್ವರು ಹೋದರೆ ಹದಿನಾಲ್ಕು. ಆಗ ಗಣಿತದ ಹುದ್ದೆ ಕೇಳಲು ಹೋದವರಿಗೆ ಅಧಿಕಾರಿ ಹೇಳುವ ಮಾತು ನಿಮಗೆ ಗೊತ್ತೇ ಇದೆ: “ನಿಮ್ಮ ಮಕ್ಕಳೇ ಇಲ್ಲವಲ್ಲ, ಮಾಸ್ತರು ಯಾಕೆ?” ಮಾಸ್ತರಿಲ್ಲವೆಂದು ಇನ್ನೂ ನಾಲ್ವರು ಹೋಗುತ್ತಾರೆ. ಉಳಿಯುವವರು ಯಾರು? ಬಸ್ಸಿನ ಫೀಜು ಕಟ್ಟಲಾರದ ಕೂಲಿಯವರ ಮಕ್ಕಳು. ಇನ್ನೊಂದು ಶಾಲೆಗೆ ಹೋಗುವ ದಾರಿಯೇ ಅವರಿಗಿಲ್ಲ.

ನನ್ನ ಮಗು, ನನ್ನ ಇಷ್ಟ ಎಂದು ನೀವು ಹೇಳಬಹುದು. ಕಾನೂನೂ ನಿಮ್ಮ ಪರವಾಗಿಯೇ ಇದೆ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಮೊಕದ್ದಮೆಯಲ್ಲಿ ಅದನ್ನೇ ಹೇಳಿತು: ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪಾಲಕರದು. ಆಯ್ಕೆ ನಿಮ್ಮದಾದ ಮೇಲೆ ಅದರ ಫಲದ ಹೊಣೆಯೂ ನಿಮ್ಮದೇ ಅಲ್ಲವೇ?

ನಿಮ್ಮ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಹತ್ತನೆಯದಾದ ಮೇಲೆ ವಿಜ್ಞಾನ ಓದುವ ಮಗು ಇಂಗ್ಲಿಷಿಗೆ ಹೊರಳಲೇಬೇಕು, ಹೊಳೆ ದಾಟಿ ರಾಯಚೂರಿಗೆ ಹೋದರೂ ಅದೇ ಪಾಡು. ತೆಲಂಗಾಣ ಸರ್ಕಾರವೇ 2022ರಿಂದ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತಂದು, ಒಂದು ಪುಟದಲ್ಲಿ ತೆಲುಗು ಇನ್ನೊಂದರಲ್ಲಿ ಇಂಗ್ಲಿಷ್ ಇರುವ ದ್ವಿಭಾಷಾ ಪುಸ್ತಕ ಅಚ್ಚು ಹಾಕಿಸಿತು. ಆ ತೆಲುಗು ಪುಟದ ಜಾಗದಲ್ಲಿ ಕನ್ನಡ ಪುಟ ಇರುವ ಪುಸ್ತಕವನ್ನು ನಮ್ಮ ಮಕ್ಕಳಿಗೆ ಕೊಡಿ ಎಂದು ನಾವು ಯಾಕೆ ಕೇಳಬಾರದು? ನೀಟ್ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ 2017ರಿಂದ ಇದೆ. ಆದರೆ ಅದು ಕರ್ನಾಟಕದ ಕೇಂದ್ರಗಳಿಗೆ ಮಾತ್ರ. ಕೃಷ್ಣೆಯ ಆಚೆ ದಡದ ಮಗುವಿಗೆ ಉಂಟು, ಈಚೆ ದಡದ ಮಗುವಿಗೆ ಇಲ್ಲ! ಈ ಅನ್ಯಾಯದ ಬಗ್ಗೆ ಮನವಿ ಬರೆದರೆ ಸಹಿ ಹಾಕಲು ಕನ್ನಡದಲ್ಲಿ ಓದುತ್ತಿರುವ ಮಕ್ಕಳ ಪಾಲಕರು ಇರಬೇಕಲ್ಲ?

ಹಾಗಾದರೆ ಮಗುವನ್ನು ರಾಯಚೂರಿಗೇ ಹಾಕುತ್ತೇವೆ, ಅಲ್ಲಾದರೂ ಕನ್ನಡವಿದೆ ಎನ್ನುವವರಿದ್ದಾರೆ. 2023ರಲ್ಲಿ ಜಕ್ಲೇರ್–ಕೃಷ್ಣಾ ರೈಲು ಮಾರ್ಗ ತೆರೆದ ಮೇಲೆ ಆ ಊರು ಇನ್ನೂ ಹತ್ತಿರವಾಗಿದೆ. ಹೋಗುವ ಮುನ್ನ ಇದೊಂದನ್ನು ತಿಳಿದಿರಿ. ವೈದ್ಯಕೀಯ ಸೀಟಿಗೆ ‘ಸ್ಥಳೀಯ’ ಎನಿಸಿಕೊಳ್ಳಲು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷ ತೆಲಂಗಾಣದಲ್ಲಿಯೇ ಓದಿರಬೇಕೆಂದು ಇಲ್ಲಿನ ಸರ್ಕಾರ 2024ರಲ್ಲಿ ನಿಯಮ ಮಾಡಿತು, ಸುಪ್ರೀಂ ಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಮಗಳನ್ನು ಡಾಕ್ಟರ್ ಮಾಡಬೇಕೆಂದು ಹೊಳೆ ದಾಟಿಸುವವರು ಆ ಸೀಟನ್ನೇ ಈಚೆ ದಡದಲ್ಲಿ ಬಿಟ್ಟು ಹೋದಂತೆ.

ನಮ್ಮವರ ಬಗ್ಗೆಯೂ ಒಂದು ಮಾತು ಆಡಲೇಬೇಕು. ನವೆಂಬರ್ ಒಂದರಂದು ಹಳದಿ ಕೆಂಪು ಶಲ್ಯ ಹೊದ್ದು ವೇದಿಕೆ ಹತ್ತುವವರ ಮೊಮ್ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಮುಂದಿನ ಸಲ ಸಭೆಯಲ್ಲಿಯೇ ಎದ್ದು ನಿಂತು ಕೇಳಿ. ಅವರಿಗೆ ಕೋಪ ಬಂದರೆ ಬರಲಿ.

ಕಾಸರಗೋಡಿನವರನ್ನು ನೋಡಿ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಕಳಿಸಿದಾಗಲೆಲ್ಲ ಅಲ್ಲಿಯ ಪಾಲಕರೂ ಮಕ್ಕಳೂ ಪ್ರತಿಭಟಿಸಿದ್ದಾರೆ, ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾರೆ. ಅವರಿಗೆ ಹಾಗೆ ನಿಲ್ಲಲು ಸಾಧ್ಯವಾದದ್ದು ತರಗತಿಯಲ್ಲಿ ಮಕ್ಕಳಿದ್ದುದರಿಂದ.

ನಾವು ಮಾಡಬೇಕಾದದ್ದು ಬೆಟ್ಟ ಹೊರುವ ಕೆಲಸವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕನೆಯ ಮೂರು ಪಾಲು ಪಾಲಕರೇ ಇರಬೇಕು. ಆ ಸಭೆಗೆ ಹೋಗಿ. ಖಾಲಿ ಹುದ್ದೆಗಳ ಪಟ್ಟಿಯನ್ನು ನಡಾವಳಿಯಲ್ಲಿ ಬರೆಸಿ, ಪ್ರತಿ ಇಸಿದುಕೊಳ್ಳಿ. ಇಂಗ್ಲಿಷ್ ವಿಷಯಕ್ಕೆ ಒಳ್ಳೆಯ ಶಿಕ್ಷಕರನ್ನು ಪಟ್ಟು ಹಿಡಿದು ಕೇಳಿ. ಕನ್ನಡ ಶಾಲೆಯವರು ಇಂಗ್ಲಿಷ್ ಕೇಳಬಾರದೆಂದು ಯಾರೂ ಹೇಳಿಲ್ಲ. ಶಾಲೆ ತೆರೆಯುವ ಮುಂಚೆಯೇ ಭಾಷಾ ಅಲ್ಪಸಂಖ್ಯಾತ ಮಕ್ಕಳ ಹೆಸರನ್ನು ಮುಂಗಡ ನೋಂದಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂಬುದೂ ಆ ಹಳೆಯ ಒಪ್ಪಂದದ ಭಾಗವೇ. ಆ ಪುಸ್ತಕ ಎಲ್ಲಿದೆ ಎಂದು ಮಂಡಲದ ಕಚೇರಿಯಲ್ಲಿ ವಿಚಾರಿಸಿ.

ಇಷ್ಟಾದ ಮೇಲೂ ಫಲಕದ ಶಾಲೆಯೇ ಬೇಕೆಂದರೆ ಹಣ ಕಟ್ಟುವ ಮೊದಲು ಮೂರನ್ನು ಬರವಣಿಗೆಯಲ್ಲಿ ಪಡೆಯಿರಿ: ಹತ್ತನೆಯ ಪರೀಕ್ಷೆ ಯಾವ ಬೋರ್ಡಿನದು, ಮಾನ್ಯತೆಯ ಸಂಖ್ಯೆ ಎಷ್ಟು, ಕನ್ನಡವನ್ನು ಒಂದು ವಿಷಯವಾಗಿಯಾದರೂ ಕಲಿಸುತ್ತೀರಾ. ಹದಿನಾಲ್ಕರ ಒಳಗಿನ ಮಗುವಿಗೆ ಪ್ರವೇಶ ಕೊಡುವಾಗ ಮಗುವನ್ನಾಗಲಿ ನಿಮ್ಮನ್ನಾಗಲಿ ಪರೀಕ್ಷಿಸುವುದು, ಡೊನೇಶನ್ ಇಸಿದುಕೊಳ್ಳುವುದು ಅದೇ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಅವರಿಗೂ ಗೊತ್ತಿದೆ. ನಿಮಗೂ ಗೊತ್ತಿದೆ ಎಂದು ಅವರಿಗೆ ತಿಳಿಯಲಿ.

ಕೊನೆಯದಾಗಿ ಒಂದು ಬೇಡಿಕೆ. ನಿಮ್ಮೂರಿನ ಕನ್ನಡ ಶಾಲೆಯ ಐದನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈ ಜೂನಿನಲ್ಲಿ ಅವರಲ್ಲಿ ಎಷ್ಟು ಮಂದಿ ಕನ್ನಡ ಮಾಧ್ಯಮದ ಆರನೆಯದಕ್ಕೆ ಹೋದರು, ಈ ಎರಡೇ ಸಂಖ್ಯೆಗಳನ್ನು ಊರಿನ ಹೆಸರಿನೊಡನೆ ಬರೆದು ಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಊರೂರಿನ ಪಟ್ಟಿಯನ್ನು ಅಚ್ಚು ಹಾಕುತ್ತೇವೆ.