ಹೆಳವರ ಪುಸ್ತಕದ ಒಂದು ಪದ

ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಾರೆ. ನಮ್ಮೂರೆಂದರೆ ಧಾರವಾಡ ಜಿಲ್ಲೆಯ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಮೋಟಾರ್ ಸೈಕಲ್. ಕೆಲಸ ಮಾತ್ರ ಅದೇ. ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿ ಮನೆತನದ ಮೂಲಪುರುಷನಿಂದ ಹಿಡಿದು ಹೆಸರು ಓದುವುದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುವುದು, ಕಾಳೋ ದುಡ್ಡೋ ಪಡೆದು ಮುಂದಿನ ಮನೆಗೆ ಹೋಗುವುದು.

ಹೋದ ವರ್ಷ ಅವರು ಮುತ್ತಜ್ಜನ ಹೆಸರು ಓದುತ್ತಿದ್ದಂತೆ ಅಪ್ಪ ಎದ್ದು ಒಳಗೆ ಹೋದರು. ಕಾರಣ ನಮಗೆಲ್ಲ ಗೊತ್ತು. ಹೆಂಡತಿ ಸತ್ತ ವರ್ಷವೇ ಕೂಸನ್ನು ತಮ್ಮನ ಮನೆಯಲ್ಲಿ ಬಿಟ್ಟು ಓಡಿಹೋದವನು ಅಂತ ಮುತ್ತಜ್ಜನ ಕಥೆ. ಆ ಕೂಸೇ ನಮ್ಮಜ್ಜ. ಊರ ಹುಡುಗರು "ಓಡಿಹೋದವನ ಮಗ" ಎಂದು ಕಾಡುತ್ತಿದ್ದರಂತೆ. ಅಜ್ಜ ಕಡೆಯವರೆಗೂ ತಂದೆಯ ಹೆಸರೆತ್ತಲಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಡೆ ಇಡುವ ನಮ್ಮ ಮನೆಯಲ್ಲಿ ಮುತ್ತಜ್ಜನಿಗೆ ಎಡೆ ಇರಲಿಲ್ಲ.

"ಅವ್ವಾರ, ಇವರ ಹೆಸರಿನ ಮಗ್ಗಲಕ ನಮ್ಮ ಮುತ್ತ್ಯಾ 'ಹುಬ್ಬಳ್ಳಿ' ಅಂತ ಬರದಾನ ನೋಡ್ರಿ" ಎಂದರು ಹೆಳವರು. ಅಷ್ಟೇ, ಒಂದೇ ಪದ.

ನನಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಮೊದಲು ಅಜ್ಜನ ಶಾಲೆಯ ದಾಖಲಾತಿ ನೋಡಿದೆ. ಹುಟ್ಟಿದ ದಿನ 1 ಜೂನ್ 1915. ನಗು ಬಂತು. ಹಳೆಯ ಶಾಲಾ ಪುಸ್ತಕಗಳಲ್ಲಿ ಅರ್ಧ ಊರೇ ಜೂನ್ ಒಂದಕ್ಕೆ ಹುಟ್ಟಿರುತ್ತದೆ. ಶಾಲೆ ಶುರುವಾಗುವ ದಿನ ಮಾಸ್ತರರು ಅಂದಾಜಿನ ಮೇಲೆ ಬರೆದುಕೊಳ್ಳುತ್ತಿದ್ದರು. ತಾರೀಖು ನಂಬಬೇಡಿ, ವರ್ಷವನ್ನು ಸ್ವಲ್ಪ ನಂಬಿ.

ಆಮೇಲೆ ಹೊಳೆದದ್ದು ಹೊಲ. ಹೊಲ ಮುತ್ತಜ್ಜನದು, ಈಗ ನಮ್ಮದು. ನಡುವೆ ಹೆಸರು ಬದಲಾಗಿರಲೇಬೇಕು. ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಉತಾರದಲ್ಲಿ ಹೆಸರಿನ ಜೊತೆ ಡೈರಿ ನಂಬರ್ ಇರುತ್ತದೆ. ಅದು ಹಿಂದಿನದಕ್ಕೆ ಕರೆದೊಯ್ಯುತ್ತದೆ, ಅದು ಅದಕ್ಕೂ ಹಿಂದಿನದಕ್ಕೆ. ಮೂರು ಸಲ ಅಲೆದಾಡಿದ ಮೇಲೆ 1919ರ ಒಂದು ಹಾಳೆಯ ನಕಲು ಕೈಗೆ ಬಂತು. ಬಂದರೇನು, ಒಂದಕ್ಷರ ತಿಳಿಯಲಿಲ್ಲ! ಆಗ ನಮ್ಮ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಹಾಳೆ ಮೋಡಿ ಲಿಪಿಯಲ್ಲಿತ್ತು. ನಿವೃತ್ತ ಮಾಸ್ತರರೊಬ್ಬರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು: ಖಾತೆದಾರ 1918ರ ಅಕ್ಟೋಬರಿನಲ್ಲಿ ಹುಬ್ಬಳ್ಳಿಯಲ್ಲಿ ಜ್ವರದಿಂದ ಮೃತ. ವಾರಸುದಾರ ಮಗ, ವಯಸ್ಸು 3. ಅ.ಪಾ.ಕ. ಕಾಕಾ.

ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ, ಅಪ್ರಾಪ್ತ ಮಗುವಿನ ಪೋಷಕ. ಜ್ವರ ಯಾವುದೆಂದು ಆ ತಿಂಗಳೇ ಹೇಳುತ್ತದೆ. 1918ರ ಜೂನಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ರೈಲುಹಾದಿ ಹಿಡಿದು ಒಳನಾಡಿಗೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೇ ಸಲ ಎದ್ದಾಗ ಗಟ್ಟಿಮುಟ್ಟಾದ ಪ್ರಾಯದವರನ್ನೇ ಹೆಚ್ಚಾಗಿ ಕೊಂದಿತು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಕೂಲಿ ಹುಡುಕಿ ಹುಬ್ಬಳ್ಳಿಗೆ ಹೋಗಿದ್ದನೇನೋ.

ಅಪ್ಪನಿಗೆ 82 ವರ್ಷ. ಓದಿ ಹೇಳಿದಾಗ ಮೊದಲು ಸಿಟ್ಟೇ ಬಂತು. "ಹಂಗಾರ ಕಾಕಾಗ ಎಲ್ಲಾ ಗೊತ್ತಿತ್ತು! ಸುಳ್ಳು ಯಾಕ ಹೇಳಿದ? ಹೊಲಕ್ಕಾಗಿ?"

ಹೊಲಕ್ಕಾಗಿ ಅಲ್ಲ. ಮುಂದಿನ ಹಾಳೆಯನ್ನೂ ತೋರಿಸಿದೆ. ಅಜ್ಜ ಪ್ರಾಯಕ್ಕೆ ಬಂದ ವರ್ಷ ಕಾಕಾನ ಹೆಸರು ಹೋಗಿ ಪೂರ್ತಿ ನಾಲ್ಕು ಎಕರೆ ಅಜ್ಜನ ಹೆಸರಿಗಾಗಿತ್ತು. ಒಂದು ಗುಂಟೆಯೂ ಕಡಿಮೆಯಿಲ್ಲ. ಅವ್ವ ಸತ್ತ ಕೂಸಿಗೆ ಅಪ್ಪನೂ ಸತ್ತ ಎನ್ನಲು ಬಾಯಿ ಬರದೆ, "ಊರಿಗೆ ಹೋಗ್ಯಾನ, ಬರ್ತಾನ" ಅಂದಿರಬೇಕು. ಉಳಿದದ್ದನ್ನು ಊರು ಕಟ್ಟಿಕೊಂಡಿತು. ಇದು ನನ್ನ ಊಹೆ, ಅಪ್ಪ ಮಾತಾಡಲಿಲ್ಲ.

ಈ ಸಲದ ಅಮಾವಾಸ್ಯೆಗೆ ಅಪ್ಪ ಎರಡು ಎಡೆ ಹೆಚ್ಚು ಇಡಿಸಿದರು. ಒಂದು ಮುತ್ತಜ್ಜನಿಗೆ, ಇನ್ನೊಂದು ಕಾಕಾನಿಗೆ. ಸುಗ್ಗಿಗೆ ಹೆಳವರು ಬಂದಾಗ 'ಹುಬ್ಬಳ್ಳಿ'ಯ ಮುಂದೆ '1918, ಜ್ವರ' ಎಂದು ಬರೆಸಬೇಕು. ನಮ್ಮ ಪುಟದಲ್ಲಿ ಹೆಣ್ಣುಮಕ್ಕಳ ಹೆಸರೇ ಇಲ್ಲ. ಅವರು ಒಪ್ಪಿದರೆ ನನ್ನದೂ ಮಗಳದೂ ಬರೆಸುವವಳಿದ್ದೇನೆ.