ಪಾವು ಮೂರು, ರೂಪ ಒಂದು

ಆರ್.ಟಿ. ನಗರದಲ್ಲಿ ಸಂಜೆಯ ಹೊತ್ತು ಪಾವ್ ಭಾಜಿ ತಿನ್ನುವ ವಿದ್ಯಾರ್ಥಿಗಳನ್ನು 'ಪಾವ್ ಎಂದರೇನು?' ಎಂದು ಕೇಳಿದರೆ 'ಕಾಲು ಭಾಗ' ಎಂಬ ಉತ್ತರ ಬರುವುದುಂಟು. ನಾಲ್ಕು ಬನ್ನುಗಳು ಅಂಟಿಕೊಂಡಿರುವುದರಿಂದ ಒಂದೊಂದೂ ಕಾಲು ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಕೇಳಲು ಚೆನ್ನಾಗಿದೆ; ಆದರೆ ಸರಿಯಲ್ಲ.

ತಿನ್ನುವ ಪಾವ್ ಪೋರ್ಚುಗೀಸ್ ಭಾಷೆಯ 'ಪಾಂವ್' ಶಬ್ದದಿಂದ ಬಂದದ್ದು. ಅದರ ಮೂಲ ಲ್ಯಾಟಿನ್ನಿನ 'ಪಾನಿಸ್', ಅರ್ಥ ರೊಟ್ಟಿ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಂದ ಅದು ಕೊಂಕಣಿ, ಮರಾಠಿಗಳಿಗೆ ಸೇರಿತು. ಮುಂಬಯಿಯ ಪಾವ್ ಭಾಜಿಯೊಡನೆ ಬೆಂಗಳೂರಿಗೂ ಬಂತು. ಚಾವಿ, ಪಾದ್ರಿ, ಉತ್ತರ ಕರ್ನಾಟಕದವರ ಬಟಾಟೆ, ಇವೂ ಪೋರ್ಚುಗೀಸರಿಂದಲೇ ಬಂದವು.

ಅಜ್ಜಿ ಅಕ್ಕಿ ಅಳೆಯುವ ಪಾವು ಬೇರೆ. ಅದರ ಮೂಲ ಸಂಸ್ಕೃತದ 'ಪಾದ'. ಕನ್ನಡದ 'ಕಾಲು' ಶಬ್ದದಂತೆ ಪಾದಕ್ಕೂ ನಾಲ್ಕನೆಯ ಒಂದು ಭಾಗ ಎಂಬ ಅರ್ಥವಿದೆ. ನಾಲ್ಕು ಪಾವಿಗೆ ಒಂದು ಸೇರು. ಹಳಗನ್ನಡ ಪಾಠದಲ್ಲಿ ಸಿಗುವ ಪಾವು ಮೂರನೆಯದು. ಪಾಲ್ ಹಾಲಾದಂತೆ ಅದು ಮುಂದೆ ಹಾವಾಯಿತು.

ಯಹೂದಿಗಳ ಬಳೆಯಾಕಾರದ ರೊಟ್ಟಿ 'ಬೇಗಲ್' ಈಗ ಬೆಂಗಳೂರಿನಲ್ಲೂ ಸಿಗುತ್ತದೆ. ಯಿಡ್ಡಿಷ್ ಭಾಷೆಯ ಈ ಹೆಸರು 'ಬಳೆ' ಎಂಬ ಅರ್ಥದ ಹಳೆಯ ಜರ್ಮನ್ ಶಬ್ದದಿಂದ ಹುಟ್ಟಿದ್ದು. ಅದರ ಧಾತುವಿಗೆ 'ಬಗ್ಗು' ಎಂಬ ಅರ್ಥ. ಹಾಗೆಂದು ಕನ್ನಡದ 'ಬಾಗು' ಅದರ ನೆಂಟನಲ್ಲ. ಇದು ದ್ರಾವಿಡ ಧಾತು. ಎರಡರ ಹೋಲಿಕೆ ಬರೀ ಆಕಸ್ಮಿಕ.

ಸದ್ದು ಹೋಲಿತೆಂದು ಶಬ್ದಗಳಿಗೆ ನಂಟು ಕಟ್ಟಬಾರದು. ಶಬ್ದ ನಡೆದು ಬಂದ ದಾರಿಯನ್ನು ಮೊದಲು ನೋಡಬೇಕು. ಮಕ್ಕಳು ಕೇಳಿದಾಗ ತಂದೆತಾಯಂದಿರು ಊಹಿಸಿ ಹೇಳುವುದಕ್ಕಿಂತ, ಜೊತೆಗೆ ಕುಳಿತು ನಿಘಂಟು ತೆರೆಯುವುದು ಮೇಲು.