ಉಪ್ಪು ಹೇಳಿದ ಸುದ್ದಿ

ಮಕ್ಕಳೇ, ಆಟ ಮುಗಿಸಿ ಬಂದಾಗ ತುಟಿಯ ಮೇಲಿನ ಬೆವರು ನಾಲಿಗೆಗೆ ತಾಗಿದ್ದುಂಟಲ್ಲ? ಉಪ್ಪುಪ್ಪಾಗಿರುತ್ತದೆ. ಆ ಉಪ್ಪನ್ನು ಅಳೆದು ಎಳೆಗೂಸಿನ ಕಾಯಿಲೆಯನ್ನು ಕಂಡುಹಿಡಿಯುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಕೂಸಿಗೇ ಆ ಪರೀಕ್ಷೆ ಆಯಿತು.

ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆ. ಅಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ದಿನದಲ್ಲೇ ಕೆಲವು ಹನಿ ರಕ್ತ ತೆಗೆದು ಹಲವು ಕಾಯಿಲೆಗಳಿಗಾಗಿ ನೋಡುತ್ತಾರೆ. ತೊಟ್ಟಿಲಿಗೆ ಹಾಕುವ ಸಡಗರದಲ್ಲಿದ್ದಾಗ ಡಾಕ್ಟರ ಫೋನು ಬಂತು. “ಸಿಸ್ಟಿಕ್ ಫೈಬ್ರೋಸಿಸ್ ಇರಬಹುದೇ ಎಂಬ ಅನುಮಾನ. ಇದೆ ಎಂದಲ್ಲ, ಬೆವರು ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ.”

ಮಗಳು ಅಳುತ್ತ ಕೂತಳು. ನನ್ನ ಮನಸ್ಸು ಮಾತ್ರ ಬೇರೆಲ್ಲೋ ಓಡಿತು. ನಮ್ಮ ಕಡೆ ಯಾರಿಗೂ ಇಲ್ಲ, ಹಾಗಾದರೆ ಅಳಿಯನ ಕಡೆಯಿಂದಲೇ ಬಂದಿರಬೇಕು! ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡೆ.

ಪರೀಕ್ಷೆಯ ದಿನ ಮಗುವಿಗೆ ಎಣ್ಣೆ, ಕ್ರೀಮು ಹಚ್ಚಬಾರದು ಎಂದಿದ್ದರು. ದಿನವೂ ಎಣ್ಣೆ ತಿಕ್ಕಿ ನೀರು ಹಾಕುವ ನನ್ನ ಕೈಗೆ ಅಂದು ರಜೆ. ಹಾಲು ಎಂದಿನಂತೆ ಕುಡಿಸಬಹುದಿತ್ತು. ನರ್ಸಮ್ಮ ಮಗುವಿನ ತೋಳಿಗೆ ಪೈಲೋಕಾರ್ಪಿನ್ ಎಂಬ ಔಷಧದ ಪುಟ್ಟ ಬಿಲ್ಲೆ ಇಟ್ಟು, ಐದು ನಿಮಿಷ ಬಹಳ ಸಣ್ಣ ವಿದ್ಯುತ್ ಹರಿಸಿದರು. ಅಷ್ಟು ಜಾಗದಲ್ಲಿ ಬೆವರು ಬರಿಸುವುದಕ್ಕೆ ಇದು. ಸೂಜಿಯಿಲ್ಲ, ರಕ್ತವಿಲ್ಲ. ಆಮೇಲೆ ಕೈಗಡಿಯಾರದಂಥ ಒಂದು ಬಿಲ್ಲೆ ಕಟ್ಟಿದರು. ಅದರೊಳಗಿನ ಸುರುಳಿ ನಳಿಕೆಗೆ ಅರ್ಧ ಗಂಟೆಯಲ್ಲಿ ಬೆವರು ಏರಿತು. ಕೂಸು ಹಾಯಾಗಿ ನಿದ್ದೆ ಮಾಡುತ್ತಿತ್ತು. ಎಳೆಗೂಸುಗಳಿಗೆ ಕೆಲವೊಮ್ಮೆ ಸಾಕಷ್ಟು ಬೆವರು ಬರುವುದಿಲ್ಲವಂತೆ. ಆಗ ಇನ್ನೊಂದು ದಿನ ಮತ್ತೆ ಮಾಡುತ್ತಾರೆ, ಗಾಬರಿಪಡಬೇಕಿಲ್ಲ.

ಉಪ್ಪಿಗೂ ಕಾಯಿಲೆಗೂ ಏನು ನಂಟು? ಚರ್ಮದಡಿಯ ಗ್ರಂಥಿಯಲ್ಲಿ ಬೆವರು ಹುಟ್ಟುವಾಗ ಬಹಳ ಉಪ್ಪಾಗಿರುತ್ತದೆ. ಸಣ್ಣ ಕೊಳವೆಯಲ್ಲಿ ಮೇಲೇರುವಾಗ ದೇಹ ಅದರಲ್ಲಿನ ಬಹುಪಾಲು ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಹಾಗೆ ಎಳೆದುಕೊಳ್ಳುವ ಬಾಗಿಲು ಕೆಟ್ಟಿರುತ್ತದೆ. ಅದೇ ದೋಷದಿಂದ ಶ್ವಾಸಕೋಶದ ಕಫ ಅಂಟಂಟಾಗುತ್ತದೆ, ಆಹಾರವೂ ಸರಿಯಾಗಿ ಜೀರ್ಣವಾಗುವುದಿಲ್ಲ.

1948ರಲ್ಲಿ ನ್ಯೂಯಾರ್ಕಿನಲ್ಲಿ ಭಾರಿ ಬಿಸಿಲು ಬಿದ್ದಾಗ, ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ಕಾಯಿಲೆಯವರೂ ಇದ್ದುದು ವೈದ್ಯರ ಗಮನಕ್ಕೆ ಬಂತು. ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ಆ ಮಕ್ಕಳ ಬೆವರಿನಲ್ಲೇ ಉಪ್ಪು ಹೆಚ್ಚು ಎಂದು 1953ರಲ್ಲಿ ಪ್ರಕಟಿಸಿದರು. ನಾನು ಮೇಲೆ ಹೇಳಿದ ಪರೀಕ್ಷೆಯ ಕ್ರಮವನ್ನು 1959ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬವರು ರೂಪಿಸಿದರು. ಇಂದಿಗೂ ಅದೇ ಆಧಾರ.

ಒಂದು ಲೀಟರ್ ಬೆವರಿಗೆ ಕ್ಲೋರೈಡ್ 30 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ಕಾಯಿಲೆ ಇರುವ ಸಂಭವ ತೀರ ಕಡಿಮೆ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆಯೆಂದು ತಿಳಿಯುತ್ತಾರೆ. ನಡುವೆ ಇದ್ದರೆ ಇನ್ನಷ್ಟು ಪರೀಕ್ಷೆ ಬೇಕು. ರಕ್ತದಲ್ಲಿ ಅನುಮಾನ ಬಂದ ಬಹಳಷ್ಟು ಮಕ್ಕಳು ಈ ಹಂತದಲ್ಲಿ ಪಾರಾಗುತ್ತಾರೆ. ನಮ್ಮ ಕೂಸಿನದು 60 ದಾಟಿತ್ತು.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಕೆಟ್ಟ ಜೀನು ಎರಡೂ ಕಡೆಯಿಂದ ಬಂದರೆ ಮಾತ್ರ ಕಾಯಿಲೆ. ಒಂದೇ ಇದ್ದವರು ಆರೋಗ್ಯವಾಗಿರುತ್ತಾರೆ, ತಮ್ಮಲ್ಲಿದೆ ಎಂದು ಅವರಿಗೆ ತಿಳಿಯುವುದೂ ಇಲ್ಲ. ಅಂದರೆ ನನ್ನ ಮಗಳಲ್ಲೂ ಇತ್ತು. ಅವಳಿಗೆ ನನ್ನಿಂದಲೇ ಬಂದಿದ್ದೀತು! ಅಳಿಯನ ಮುಖ ನೋಡಿದೆ. ಅಂದು ನುಂಗಿದ ಮಾತು ನನ್ನ ಗಂಟಲಲ್ಲೇ ಉಳಿದದ್ದು ಎಷ್ಟು ಒಳ್ಳೆಯದಾಯಿತು.

ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಆದರೆ ಬೇಗ ತಿಳಿದದ್ದರಿಂದ ಆರೈಕೆಯೂ ಬೇಗ ಶುರುವಾಯಿತು. ಹಾಲಿಗೆ ಮುಂಚೆ ಜೀರ್ಣಕ್ಕೆ ಔಷಧ, ಡಾಕ್ಟರು ಅಳೆದು ಹೇಳಿದಷ್ಟು ಉಪ್ಪು, ಕಫ ಸಡಿಲವಾಗಲು ಬೆನ್ನು ಎದೆ ತಟ್ಟುವುದು. ಕೈಯನ್ನು ಬೊಗಸೆಯಂತೆ ಮಾಡಿ ತಟ್ಟುವುದನ್ನು ನನಗೂ ಕಲಿಸಿದರು.

ಅಜ್ಜ ಅಜ್ಜಿಯರೇ, ನಮ್ಮ ದೇಶದಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಈ ಕಾಯಿಲೆಗಾಗಿ ರಕ್ತಪರೀಕ್ಷೆ ಮಾಡುವ ಪದ್ಧತಿಯಿಲ್ಲ. ಮುತ್ತಿಟ್ಟರೆ ಹಣೆ ತೀರ ಉಪ್ಪೆನಿಸುವುದು, ಬಿಡದ ಕೆಮ್ಮು, ಚೆನ್ನಾಗಿ ಹಾಲು ಕುಡಿದರೂ ತೂಕ ಏರದಿರುವುದು, ಜಿಡ್ಡು ಜಿಡ್ಡಾದ ಮಲ, ಇವು ಕಂಡರೆ ದೃಷ್ಟಿಯಾಗಿದೆ ಎಂದು ಸುಮ್ಮನಿರಬೇಡಿ. ಮಕ್ಕಳ ಡಾಕ್ಟರಲ್ಲಿ ಬೆವರು ಪರೀಕ್ಷೆಯ ಬಗ್ಗೆ ಕೇಳಿ.

ನಮ್ಮ ಮೊಮ್ಮಗನಿಗೆ ಈಗ ನಾಲ್ಕು ವರ್ಷ. ಮೊನ್ನೆ ಫೋನಿನಲ್ಲಿ ತನ್ನ ಗೊಂಬೆ ಆನೆಯ ಬೆನ್ನು ತಟ್ಟುತ್ತ ಹೇಳಿದ: “ಅಜ್ಜಿ, ಇದಕ್ಕೂ ಕಫ.” ಕೈ ಸರಿಯಾಗಿ ಬೊಗಸೆ ಮಾಡಿಕೊಂಡಿದ್ದ.